ಮುಯ್ಯಿ ಬಟನ್

ನಾನು ಬರೆದ ಪ್ರೋಗ್ರಾಮುಗಳಲ್ಲಿ ಇವತ್ತಿಗೂ ನೆನೆಸಿಕೊಂಡು ಹೆಮ್ಮೆ ಪಡುವಂಥದ್ದು ಒಂದೇ ಒಂದು. ಅದರಲ್ಲಿದ್ದ ದೊಡ್ಡ ತಪ್ಪನ್ನು ಕಂಡುಹಿಡಿದವಳು ನನ್ನ ಹೆಂಡತಿ. ಅವಳಿಗೆ ಕಂಪ್ಯೂಟರ್ ಎಂದರೆ ಆಗ ಅಷ್ಟಕ್ಕಷ್ಟೆ. ಕಂಡುಹಿಡಿದ ಹೊತ್ತಿನಲ್ಲಿ ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲೂ ಇಲ್ಲ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ನಾನು ಕುದೂರಿನವನು. ರಾಮನಗರದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಹಡಿಯ ಮೇಲೆ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಹತ್ತು ಕಂಪ್ಯೂಟರುಗಳಲ್ಲಿ ಏಳು ಓಡುತ್ತಿದ್ದವು, ಉಳಿದ ಮೂರು ಶೋಭೆಗೆ. ಆ ಏಳರ ಪುಣ್ಯದಿಂದ ಊರಿಗೆಲ್ಲ ನಾನು ಕಂಪ್ಯೂಟರ್ ಮೇಷ್ಟ್ರು. ಮಿಕ್ಸಿ ಕೆಟ್ಟರೂ ನನ್ನನ್ನೇ ಕರೆಯುವಷ್ಟು ನಂಬಿಕೆ. ಒಂದು ದಿನ ಕನಕಪುರ ರಸ್ತೆಯಲ್ಲಿ ಚಾಕಿ ಕೇಂದ್ರ ಇಟ್ಟಿದ್ದ ಯಜಮಾನರು ಮೆಟ್ಟಿಲು ಹತ್ತಿ ಬಂದರು. ಏದುಸಿರು ಇಳಿಯುವ ಮೊದಲೇ, "ಫೋನಲ್ಲಿ ಹಾಜರಿ ಹಾಕೋ ಹಂಗೆ ಮಾಡಕಾಯ್ತದಾ?" ಎಂದು ಕೇಳಿದರು. ಆಗುತ್ತದೆ ಎಂದೆ. ಆಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ರೇಷ್ಮೆ ಹುಳು ಮೊಟ್ಟೆಯೊಡೆದು ಬಂದ ಮೊದಲ ದಿನಗಳಲ್ಲಿ ಎಳೆಗೂಸಿಗಿಂತ ಸೂಕ್ಷ್ಮ. ಅದನ್ನು ಒಂದೇ ಕಡೆ ಹದವಾದ ಶಾಖದಲ್ಲಿ ಸಾಕಿ, ಎರಡು ಸಲ ಪೊರೆ ಬಿಟ್ಟ ಮೇಲೆ ರೈತರಿಗೆ ಹಂಚುವ ಜಾಗವೇ ಚಾಕಿ ಕೇಂದ್ರ. ಅಲ್ಲಿಂದ ಮುಂದೆ ಗೂಡು ಕಟ್ಟುವ ತನಕ ರೈತರ ಹುಳದ ಮನೆಯೇ ಗತಿ. ಯಜಮಾನರು ಜೀವಮಾನವೆಲ್ಲ ಹುಳುವಿನ ಜೊತೆಯೇ ಕಳೆದವರು. ಅವರ ಕೊರಗು ಬೇರೆ. ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದಿದ್ದವು. ಬೆಳಗಾದರೆ ಕಂಪನಿ ಬಸ್ಸುಗಳು ಹಳ್ಳಿ ಹಳ್ಳಿಯಲ್ಲೂ ನಿಂತು ಹುಡುಗ ಹುಡುಗಿಯರನ್ನು ತುಂಬಿಕೊಂಡು ಹೋಗುತ್ತಿದ್ದವು. ಹುಳದ ಮನೆಯಲ್ಲಿ ಸೊಪ್ಪು ಹಾಕುವ, ಹಿಕ್ಕೆ ಬಳಿಯುವ ಕೈಗಳು ಕಡಿಮೆಯಾಗಿ, ರೋಗ ಬಂದರೂ ಗಮನಿಸುವವರಿರಲಿಲ್ಲ. ಅದಕ್ಕೇ ಅವರು ಐದು ಜನ ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಂಡು, ಹುಳ ಕೊಟ್ಟ ಮನೆಗಳಿಗೆ ಸರದಿಯ ಮೇಲೆ ಕಳಿಸಿ ನೋಡಿಸುತ್ತಿದ್ದರು. ಅವರು ಬರೆದು ತರುತ್ತಿದ್ದ ಪುಸ್ತಕ ಕೈಗೆ ಸಿಗುವಷ್ಟರಲ್ಲಿ ವಾರ ಕಳೆದು ಹುಳುವಿನ ಹಣೆಬರಹ ತೀರ್ಮಾನವಾಗಿರುತ್ತಿತ್ತು.

ಯಜಮಾನರ ಷಡ್ಡಕನ ಮಗ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಅಲ್ಲಿ ಗೇಟಿನ ಯಂತ್ರಕ್ಕೆ ಕಾರ್ಡು ತೋರಿಸಿದರೆ ಯಾರು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಬಂದರೆಂದು ಬರೆದುಕೊಳ್ಳುತ್ತದಂತೆ. ಅದನ್ನು ಕೇಳಿದ್ದೇ ಯಜಮಾನರಿಗೆ ನಿದ್ದೆ ಹೋಯಿತು. "ಯಾರು, ಎಲ್ಲಿ, ಯಾವಾಗ. ಮೂರೇ ಮೂರು ಗೊತ್ತಾಗ್ಬೇಕು ಕಣಯ್ಯಾ" ಎಂದರು.

ನಾನು ಪುಸ್ತಕ ಗುಡ್ಡೆ ಹಾಕಿಕೊಂಡು ಕೂತೆ. ಸ್ಮಾರ್ಟ್‌ಫೋನು ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಜಾವಾ ಓಡುವ ಬಟನ್ ಫೋನುಗಳು ಐದು ಬಂದವು. ಅವುಗಳಲ್ಲಿ ಕನ್ನಡ ಅಕ್ಷರ ಬರೀ ಚೌಕವಾಗಿ ಕಾಣುತ್ತಿತ್ತು, ಹಾಗಾಗಿ ಎಲ್ಲವನ್ನೂ ಅಂಕಿಗಳಲ್ಲೇ ಕೇಳಬೇಕು. ಹುಳು ಎಷ್ಟನೇ ಹಂತ, ಶಾಖ ಎಷ್ಟು, ರೋಗ ಉಂಟಾ ಇಲ್ಲವಾ, ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಸಾಕಾ ಸಾಲದಾ. ಒತ್ತಿದ ಅಂಕಿ ಫೋನಿನಿಂದ ಹೊರಟು ಎಲ್ಲೋ ಬಾಡಿಗೆಗೆ ಹಿಡಿದಿದ್ದ ಸರ್ವರ್ ಸೇರಬೇಕು. ಆ ಸರ್ವರಿನ ಬಾಗಿಲಲ್ಲಿ ನಿಂತು, ಬಂದವರು ಯಾರು, ಏನು ತಂದಿದ್ದಾರೆ ಎಂದು ವಿಚಾರಿಸಿ ಒಳಗೆ ಬಿಡುವ ಪ್ರೋಗ್ರಾಮೇ ನಾನು ಬರೆಯಬೇಕಾಗಿದ್ದ ಎಪಿಐ.

ಯಜಮಾನರಿಗೆ ಇದನ್ನು ವಿವರಿಸಲು ಬ್ಯಾಂಕನ್ನು ತಂದೆ. ಆಗಿನ ಬ್ಯಾಂಕುಗಳಲ್ಲಿ ಚೀಟಿ ಕೊಟ್ಟರೆ ಹಿತ್ತಾಳೆಯ ಟೋಕನ್ ಕೊಡುತ್ತಿದ್ದರು. ನಂಬರು ಕೂಗಿದಾಗ ಟೋಕನ್ ತೋರಿಸಿದರೆ ಮುಗಿಯಿತು. "ಹಾಗೇ ಯಜಮಾನ್ರೇ, ಬೆಳಿಗ್ಗೆ ಒಂದು ಸಲ ಹೆಸರು, ಪಾಸ್‌ವರ್ಡ್ ಹೇಳಿದ್ರೆ ಸರ್ವರ್ ಒಂದು ಟೋಕನ್ ಕೊಡುತ್ತೆ. ಆ ದಿನವೆಲ್ಲ ಅದೇ ಗುರುತು" ಎಂದೆ. ಅವರು ತಲೆದೂಗಿದರು. ಆ ಟೋಕನನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು, "ನಂಬರ್ ಕೂಗಿದ್ರೆ ಒಸಿ ಇಸ್ಕೊಬುಡಪ್ಪಾ, ಸೊಪ್ಪು ತಕಂಡು ಬತ್ತೀನಿ" ಎಂದು ಹೋಗುವವರನ್ನು ನಾವಿಬ್ಬರೂ ಸಾವಿರ ಸಲ ನೋಡಿದ್ದೆವು. ಇಬ್ಬರಿಗೂ ನೆನಪಾಗಲಿಲ್ಲ.

ಪಾಸ್‌ವರ್ಡಿನ ದಿನ ಮಾತ್ರ ಮರೆಯುವ ಹಾಗಿಲ್ಲ. ಐದೂ ಜನರನ್ನು ಕ್ಲಾಸಿಗೆ ಕರೆಸಿ, ಯಾರಿಗೂ ಹೇಳಬಾರದ, ತಮಗೆ ಮಾತ್ರ ನೆನಪಿರುವ ಒಂದು ಮಾತನ್ನು ಇಟ್ಟುಕೊಳ್ಳಿ ಎಂದೆ. ಗುಟ್ಟು ಕಾಯುವ ಅಗತ್ಯದ ಮೇಲೆ ಕಾಲು ಗಂಟೆ ಭಾಷಣವನ್ನೂ ಬಿಗಿದೆ. ಆಮೇಲೆ ಒಬ್ಬೊಬ್ಬರನ್ನೇ ಕರೆದು ಟೈಪು ಮಾಡಿಸಿದರೆ ಮೊದಲನೆಯವರು ಇಂಗ್ಲಿಷ್ ಅಕ್ಷರಗಳಲ್ಲಿ ಕಬ್ಬಾಳಮ್ಮ ಎಂದು ಹೊಡೆದರು. ಎರಡನೆಯವರೂ ಕಬ್ಬಾಳಮ್ಮ. ಮೂರು, ನಾಲ್ಕೂ ಅದೇ. ಹೊಸ ಪುಸ್ತಕ ಶುರು ಮಾಡುವಾಗ ತಲೆಬರಹಕ್ಕೆ ದೇವರ ಹೆಸರು ಬರೆಯುವುದು ನಮ್ಮಲ್ಲಿ ವಾಡಿಕೆ. ಫೋನು ಶುರು ಮಾಡುವಾಗ ಬೇರೆ ಏನು ಬರೆಯುತ್ತಾರೆ? ಐದನೆಯವರು ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವರು. ದೊಡ್ಡಆಲಹಳ್ಳಿ ಕಡೆಯವರು, ಐವತ್ತರ ಆಸುಪಾಸು. ಉಳಿದವರಂತೆ ನಾನೂ ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರು ಕಬ್ಬಾಳಮ್ಮನ ಮುಂದೆ ಒಂದು ಅಂಕಿ ಸೇರಿಸಿದರು.

"ನೀವೊಬ್ರೇ ಕಣಕ್ಕಾ ಜಾಣರು" ಎಂದೆ.

"ಜಾಣತನ ಎಂಥದು ಮೇಷ್ಟ್ರೇ. ಅವರು ನಾಲ್ಕು ಜನಾನೂ ಹಾಕ್ಬುಟ್ಟವ್ರೆ, ಯಾರ್ದು ಯಾವುದು ಅಂತ ದೇವ್ರಿಗೆ ಗೊಂದ್ಲ ಆಗ್ಬಾರ್ದಲ್ವಾ?"

ಎರಡು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕು ಎಂಬ ನನ್ನ ನಿಯಮ ಅಲ್ಲೇ ಸತ್ತಿತು. "ಮನೆದೇವ್ರನ್ನೇ ಬದ್ಲಾಯ್ಸು ಅಂತೀರಾ?" ಎಂದು ಚನ್ನಪಟ್ಟಣದ ಕಡೆಯಾಕೆ ಕಣ್ಣು ಕೆಂಪಗೆ ಮಾಡಿಕೊಂಡು ಕೇಳಿದಾಗ ಆ ನಿಯಮದ ಸಾಲನ್ನೇ ಹೊಡೆದುಹಾಕಿದೆ. ಅದರ ಬದಲು ಒಂದು ಉಪಾಯ ಮಾಡಿದೆ. ಪ್ರತಿ ಫೋನಿನೊಳಗೂ ಒಂದೊಂದು ಗುಪ್ತ ಸಂಖ್ಯೆ ಇಟ್ಟೆ. ಯಾರ ಹೆಸರಿನಲ್ಲಿ ಬರೆದರೂ ಯಾವ ಫೋನಿನಿಂದ ಬರೆದರೆಂದು ಸರ್ವರಿಗೆ ತಿಳಿಯುತ್ತಿತ್ತು. ಅದನ್ನು ಹೆಂಗಸರಿಗೆ ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ಒಳಗೊಳಗೇ ಬೀಗಿದ್ದೂ ಉಂಟು.

ಅಕ್ಕನ ಬಗ್ಗೆ ಒಂದು ಮಾತು ಹೇಳಬೇಕು. ಅವರ ಗಂಡನ ಮನೆಯವರು ಕುರಿ ಸಾಕುವವರು, ಅವರು ಹುಟ್ಟಿದ್ದು ಮಾತ್ರ ಹುಳದ ಮನೆಯಲ್ಲಿ. ಬಾಗಿಲಲ್ಲಿ ನಿಂತು ಹುಳು ಸೊಪ್ಪು ಕಡಿಯುವ ಸದ್ದು ಕೇಳಿಯೇ ಹಸಿವು ಸರಿಯಾಗಿದೆಯೋ ಇಲ್ಲವೋ ಹೇಳುತ್ತಿದ್ದರು. ಒಂದು ಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡರೆ ಹಾಲುತೊಂಡೆ ರೋಗ ಬರುವುದು ಎರಡು ದಿನ ಮೊದಲೇ ಗೊತ್ತಾಗುತ್ತಿತ್ತು. ಹುಳದ ಮನೆಗೆ ಹೊರಗಿನವರನ್ನು ಯಾರೂ ಸುಲಭಕ್ಕೆ ಬಿಡುವುದಿಲ್ಲ, ಕಣ್ಣು ಬೀಳುತ್ತದೆ, ರೋಗ ಬರುತ್ತದೆ ಎಂದು. ಅಕ್ಕ ಬಂದರೆ ಮಾತ್ರ ಕಾಲಿಗೆ ಸುಣ್ಣದ ನೀರು ಹುಯ್ದು ಒಳಗೆ ಕರೆಯುತ್ತಿದ್ದರು. "ಐವತ್ತು ವರ್ಸಕ್ಕೆ ನಂಗೊಂದು ಹೆಸ್ರು ಬಂತು ಮೇಷ್ಟ್ರೇ. ಇಷ್ಟ್ ದಿನ ಅವರ ಹೆಂಡ್ತಿ, ಇವರ ತಾಯಿ ಅನ್ನೋರು. ಈಗ ಹುಳದಕ್ಕ ಅಂತಾರೆ" ಎಂದು ಒಮ್ಮೆ ನನ್ನ ಹತ್ತಿರ ಹೇಳಿಕೊಂಡು ನಕ್ಕಿದ್ದರು.

ಕೆಲಸ ಸರಾಗವಾಗಿ ಹಿಡಿಯಿತು. ಪ್ರತಿಯೊಬ್ಬರ ಹೆಸರಿಗೂ ಅವರವರ ಮನೆಗಳ, ತೋಟಗಳ ಪಟ್ಟಿ ಅಂಟಿಸಿದ್ದೆ. ತಮ್ಮ ಹೆಸರಲ್ಲಿ ಒಳಗೆ ಹೋದರೆ ತಮ್ಮ ಪಟ್ಟಿ ಮಾತ್ರ ಕಾಣುತ್ತಿತ್ತು. ಎಲ್ಲರೂ ಬರೆಯುವಾಗ ನೀನೊಬ್ಬ ಯಾಕೆ ಸುಮ್ಮನಿರಬೇಕೆಂದು ಯಜಮಾನರು ನನಗೂ ಒಂದು ಕೆಲಸ ಹಚ್ಚಿದರು. ಬೆಳಿಗ್ಗೆ ಸಂಜೆ ಚಾಕಿ ಕೋಣೆಗೆ ಹೋಗಿ ಶಾಖ, ತೇವ ನೋಡಿ ನನ್ನ ಫೋನಿನಿಂದ ನನ್ನ ಹೆಸರಿನಲ್ಲಿ ಬರೆಯುವುದು. ಕೈಲಾಂಚದ ಕಡೆ ಒಂದು ಮನೆಯಲ್ಲಿ ರೋಗ ಕಂಡ ಸುದ್ದಿ ಅದೇ ಗಂಟೆಯಲ್ಲಿ ಬಂದು, ಮದ್ದಿನ ಪುಡಿ ಮಧ್ಯಾಹ್ನಕ್ಕೇ ತಲುಪಿ ಬೆಳೆ ಉಳಿದಾಗ ಯಜಮಾನರು ನನಗೆ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿದರು. ನನ್ನ ತಲೆ ತಿರುಗಲು ಅಷ್ಟು ಸಾಕಾಯಿತು.

ತಲೆ ತಿರುಗಿದ ಮೇಲೆ ಮಾಡಿದ ಮೊದಲ ಕೆಲಸ, ಆ ಗುಪ್ತ ಸಂಖ್ಯೆಗಳ ನಾಲ್ಕು ತಿಂಗಳ ಪಟ್ಟಿ ತೆಗೆದದ್ದು. ತೆಗೆದರೆ ಏನಿದೆ! ಅಕ್ಕನ ಫೋನಿನಿಂದ ಐದು ಜನರ ಹೆಸರಿನಲ್ಲೂ ಬರಹ ಬಂದಿತ್ತು. ಉಳಿದ ನಾಲ್ಕು ಫೋನುಗಳಿಂದ ಅಕ್ಕನ ಹೆಸರಿನಲ್ಲಿ ಬಂದಿತ್ತು. ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕನ ಫೋನು ಕೈಲಾಂಚದ ಹುಳದ ಮನೆಯಲ್ಲಿದ್ದೇನೆ ಎನ್ನುತ್ತಿದೆ, ಅದೇ ಹನ್ನೊಂದಕ್ಕೆ ಅಕ್ಕನ ಹೆಸರು ದೊಡ್ಡಆಲಹಳ್ಳಿಯ ತೋಟದಲ್ಲಿ ಸೊಪ್ಪು ನೋಡುತ್ತಿದೆ. ನಡುವೆ ಎರಡು ಬಸ್ಸಿನ ದಾರಿ.

ಅಕ್ಕನನ್ನೇ ಕರೆದು ಕೇಳಬಹುದಿತ್ತು. ನಾನು ಮಾಡಿದ್ದೇನೆಂದರೆ, ಹಾಳೆಯನ್ನು ಪ್ರಿಂಟ್ ತೆಗೆದು, ಎದೆಯುಬ್ಬಿಸಿಕೊಂಡು ಯಜಮಾನರ ಮುಂದೆ ಇಟ್ಟೆ. ನನ್ನ ಪ್ರೋಗ್ರಾಂ ಎಷ್ಟು ಚುರುಕು ನೋಡಿ ಎಂದು ಹೊಗಳಿಸಿಕೊಳ್ಳುವ ಆಸೆ. ಅವರ ಮುಖ ಕಪ್ಪಿಟ್ಟಿತು. "ಕಾರ್ಖಾನೇಲಿ ಒಬ್ಬನ ಕಾರ್ಡ್ ಇನ್ನೊಬ್ಬ ತೋರ್ಸಿ ಹಾಜರಿ ಹಾಕ್ಬುಡ್ತಾನೆ ಅಂತ ನಮ್ ಹುಡ್ಗ ಹೇಳ್ತಿದ್ದ. ಅದೇ ಆಟ. ಎಲ್ರೂ ಎಲ್ಲೋ ಕೂತ್ಕಂಡು ಒತ್ತವ್ರೆ. ಅದಕ್ಕೆ ಇವ್ಳೇ ನಾಯ್ಕಿ" ಎಂದರು. ನನ್ನ ಉಬ್ಬಿದ ಎದೆ ಅಲ್ಲೇ ಇಳಿಯಿತು.

ಆ ಶುಕ್ರವಾರ ಯಜಮಾನರು ಕೇಂದ್ರದ ಅಂಗಳದಲ್ಲಿ ಐದೂ ಜನರನ್ನು ನಿಲ್ಲಿಸಿದರು. ಹುಳದ ತಟ್ಟೆ ತೊಳೆಯುವ ಗಂಡಸರು, ವ್ಯಾನ್ ಡ್ರೈವರು ಎಲ್ಲರೂ ಕೆಲಸ ಬಿಟ್ಟು ನೋಡುತ್ತಿದ್ದರು.

"ಆವತ್ತು ಹನ್ನೊಂದ್ ಗಂಟೇಲಿ ಎಲ್ಲಿದ್ದೆ ಅಕ್ಕಾ?"

"ಹುಳದ ಮನೇಲಿದ್ದೆ."

"ಯಾರ ಹುಳದ ಮನೇಲಿ? ನಿನ್ ಪಟ್ಟೀದಾ, ಅವ್ಳ ಪಟ್ಟೀದಾ?"

ಕೈಲಾಂಚದ ಕಡೆಯಾಕೆ ಏನೋ ಹೇಳಲು ಬಾಯಿ ತೆರೆದಳು. ಅಕ್ಕ ಅವಳ ಮೊಣಕೈ ಹಿಡಿದು ನಿಲ್ಲಿಸಿದ್ದನ್ನು ನಾನು ನೋಡಿದೆ. ಆಮೇಲೆ ಯಜಮಾನರ ಮುಖ ನೋಡಿ, "ಯಾವ್ದಾದ್ರೂ ಮನೇಲಿ ಹುಳ ಕೆಟ್ಟವಾ ಯಜಮಾನ್ರೇ?" ಎಂದಷ್ಟೇ ಕೇಳಿದರು.

"ಹುಳದ ಮಾತಲ್ಲ ಇದು, ನಿಯತ್ತಿನ ಮಾತು. ಸೋಮವಾರದೊಳ್ಗೆ ನಿಜ ಹೇಳು. ಇಲ್ದಿದ್ರೆ ಫೋನ್ ಕೊಟ್ಟು ಮನೆಗೆ ಹೋಗು. ಯಾಕ್ ಕಳಿಸ್ದೆ ಅಂತ ಕೇಳ್ದೋರಿಗೆಲ್ಲ ಹೇಳ್ತೀನಿ ನಾನು."

ಕೊನೆಯ ಮಾತು ಕೇಳಿದಾಗ ಅಕ್ಕನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಮೋಸ ಮಾಡಿ ಕೆಲಸ ಕಳೆದುಕೊಂಡವಳು ಎಂದಾದರೆ ಆಮೇಲೆ ಅವರಿಗೆ ಯಾವ ಹುಳದ ಮನೆಯ ಬಾಗಿಲೂ ತೆರೆಯುವುದಿಲ್ಲ. ಐವತ್ತು ವರ್ಷಕ್ಕೆ ಬಂದ ಹೆಸರು ಸೋಮವಾರ ಹೋಗುತ್ತದೆ, ಕಳೆಯುತ್ತಿರುವವನು ನಾನು. ಆ ಎರಡು ದಿನ ನನಗೆ ಊಟ ರುಚಿಸಲಿಲ್ಲ.

ಭಾನುವಾರ ಮನೆಯಲ್ಲಿ ಅದೇ ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದೆ. ಅಕ್ಕನ ಜೊತೆ ಯಾರ ಹೆಸರು ಅದಲುಬದಲಾಗಿದೆಯೋ ಅದಕ್ಕೆ ತಕ್ಕ ಹಾಗೆ ನಾಲ್ಕು ಬಣ್ಣದ ಸ್ಕೆಚ್ ಪೆನ್ನುಗಳಲ್ಲಿ ಗುರುತು ಹಾಕಿದ್ದೆ. ಕೈಲಾಂಚದವಳಿಗೆ ಹಸಿರು, ಚನ್ನಪಟ್ಟಣದವಳಿಗೆ ಕೆಂಪು, ಹೀಗೆ. ಮೋಸದ ಜಾಡು ಎಲ್ಲಾದರೂ ಸಿಕ್ಕೀತೆಂದು ಹುಡುಕುತ್ತಿದ್ದೆನೋ, ಸಿಗದಿರಲಿ ಎಂದು ಹುಡುಕುತ್ತಿದ್ದೆನೋ ನನಗೇ ಸ್ಪಷ್ಟವಿರಲಿಲ್ಲ. ಹೆಂಡತಿ ಪಕ್ಕದಲ್ಲಿ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದಳು. ಆಗ ಅವಳಿಗೆ ಐದು ತಿಂಗಳು. ಬಗ್ಗಲು ಕಷ್ಟ ಎಂದು ಗೋಡೆಗೆ ಒರಗಿ ಕಾಲು ನೀಡಿ ಕೂತಿದ್ದಳು.

"ಏನ್ರೀ ಅದು, ರಂಗೋಲಿ?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳು ಒಂದು ಸಲ ಹಾಳೆಯ ಕಡೆ ಕಣ್ಣು ಹಾಯಿಸಿದಳು.

"ಹಸಿರು ಪ್ರತಿ ತಿಂಗ್ಳೂ ಮೂರೇ ದಿನ ಬತ್ತದೆ."

"ಹೂಂ."

"ಕೆಂಪೂ ಮೂರೇ ದಿನ. ಆಮೇಲೆ ಮುಂದಿನ ತಿಂಗ್ಳು."

"ಹೂಂ, ಅದೇ ನೋಡು, ಲೆಕ್ಕ ಹಾಕಿ ಮಾಡಿದ್ದಾರೆ."

ಅವಳು ಅವರೆಕಾಳು ಬಟ್ಟಲಿಗೆ ಹಾಕಿ, "ನಿಮ್ಮ ತಲೆ" ಎಂದಳು. ಇನ್ನೊಂದು ಕಾಯಿ ಬಿಡಿಸಿದಳು. "ಮೂರು ದಿನ ಹೆಂಗಸ್ರು ಹುಳದ ಮನೆಗೆ ಹೋಗಲ್ಲ ಅನ್ನೋದು ಗೊತ್ತಿಲ್ವಾ ನಿಮ್ಗೆ? ಅವ್ಳಿಗೆ ಆಗಿರ್ತದೆ. ಒಳಗೆ ಹೋಗಕಾಗಲ್ಲ. ಅವಳ ಮನೆಗಳ್ನ ಅಕ್ಕ ಹೋಗಿ ನೋಡ್ತಾರೆ, ಅಕ್ಕನ ತೋಟಗಳ್ನ ಅವ್ಳು ಹೋಗಿ ನೋಡ್ತಾಳೆ. ತೋಟಕ್ಕೆ ಹೋಗಕ್ಕೆ ಅಡ್ಡಿಯಿಲ್ವಲ್ಲ. ಮುಯ್ಯಾಳು."

ನಾನು ಬಾಯಿ ಬಿಟ್ಟುಕೊಂಡು ಕೂತೆ. ಇವತ್ತು ನಿನ್ನ ಹೊಲದ ಕಳೆ ಕೀಳಲು ನಾನು ಬರುತ್ತೇನೆ, ನಾಳೆ ನನ್ನ ಹೊಲಕ್ಕೆ ನೀನು ಬಾ. ಕೂಲಿಯ ಮಾತಿಲ್ಲ, ಆಳಿಗೆ ಆಳು. ಮುಯ್ಯಾಳನ್ನು ನೋಡದೆ ಬೆಳೆದವನೇನಲ್ಲ ನಾನು. ನನ್ನ ತಾಯಿ ಆಯಸ್ಸೆಲ್ಲ ಅದರಲ್ಲೇ ಹೊಲ ಮಾಡಿದವರು.

"ಎಲ್ಲ ಅಕ್ಕನ ಜೊತೇನೇ ಯಾಕೆ?" ಎಂದು ಕೊನೆಯ ಅನುಮಾನ ಹಾಕಿದೆ.

"ಅಕ್ಕನಿಗೆ ಐವತ್ತು ಅಂದ್ರಲ್ಲ. ಅವರಿಗೆ ಎಲ್ಲಾ ನಿಂತೋಗಿರ್ತದೆ. ಯಾವತ್ತಾದ್ರೂ ಹೋಗ್ಬೋದು."

ಅವಳು ಕನಕಪುರದ ಕಡೆ ಹುಳ ಸಾಕುವ ಮನೆಯ ಮಗಳು. ಇದೆಲ್ಲ ನಿಜವೆಂದು ನೀನೂ ನಂಬುತ್ತೀಯಾ ಎಂದು ಕೇಳಿದೆ. "ನಾನು ನಂಬಲ್ಲ. ಹುಳಕ್ಕೆ ಏನಾಗ್ತದೆ, ಮಣ್ಣು. ಆದ್ರೆ ಆ ಮನೆ ಬೆಳೆ ಏನಾದ್ರೂ ಹೋಯ್ತು ಅನ್ನಿ, ಯಾರ ತಲೆಗೆ ಕಟ್ತಾರೆ? ಒಳಗೆ ಹೋದೋಳ ತಲೆಗೆ. ಆಮೇಲೆ ಅವಳು ಆ ಊರಿಗೆ ಕಾಲಿಡಂಗಿಲ್ಲ." ಸಿಪ್ಪೆಯನ್ನು ಪಕ್ಕಕ್ಕೆ ಹಾಕಿ, "ಅಂಗಳದಲ್ಲಿ ಡ್ರೈವರ್ ಮುಂದೆ ನಿಲ್ಸಿ ಕೇಳಿದ್ರೆ ಯಾವ ಹೆಂಗ್ಸು ಇದನ್ನ ಹೇಳ್ತಾಳೆ?" ಎಂದಳು. ಆ ಮಾತಿಗೆ ನನಗೆ ನಾಚಿಕೆಯಾಯಿತು. ಆ ನಾಚಿಕೆ ಈಗಲೂ ಪೂರ್ತಿ ಹೋಗಿಲ್ಲ.

ನಾಲ್ಕು ಜನರ ಮಾನ ಉಳಿಸಲು ಅಕ್ಕ ತನ್ನ ಹೆಸರನ್ನು ಬಿಟ್ಟುಕೊಡಲು ಸಿದ್ಧರಾಗಿದ್ದರು. ಆ ನಾಲ್ಕು ತಿಂಗಳಲ್ಲಿ ಯಾವ ಮನೆಯೂ ತಪ್ಪಿರಲಿಲ್ಲ, ಯಾವ ತೋಟವೂ ತಪ್ಪಿರಲಿಲ್ಲ. ಬೆಳಿಗ್ಗೆ ಎದ್ದು ತನ್ನ ಮನೆಗಳನ್ನು ನೋಡಿ, ಎರಡು ಬಸ್ಸು ಹಿಡಿದು ಇನ್ನೊಬ್ಬಳ ಮನೆಗಳನ್ನೂ ನೋಡಿ ಬರುತ್ತಿದ್ದ ಹೆಂಗಸನ್ನು ನನ್ನ ಎಪಿಐ ಕಳ್ಳಿ ಎಂದು ಬರೆದುಕೊಂಡಿತ್ತು.

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಯಜಮಾನರ ಮುಂದೆ ನಿಂತೆ. ದಾರಿಯುದ್ದಕ್ಕೂ ಒಂದು ಸುಳ್ಳನ್ನು ಅಭ್ಯಾಸ ಮಾಡಿಕೊಂಡಿದ್ದೆ.

"ತಪ್ಪು ನಂದು ಯಜಮಾನ್ರೇ. ಪ್ರೋಗ್ರಾಂನಲ್ಲೇ ತಪ್ಪಿದೆ. ಹೆಸರುಗಳು ಅದಲುಬದಲು ಆಗ್ತಿವೆ."

"ಐದು ಫೋನಲ್ಲೂ?"

"ಐದರಲ್ಲೂ."

"ಮೊನ್ನೆ ಎದೆ ಉಬ್ಬಿಸ್ಕಂಡು ತೋರಿಸ್ದೆ?"

"ತೋರಿಸ್ದೆ."

ಅವರು ನಂಬಲಿಲ್ಲವೆಂದು ಮುಖ ಹೇಳುತ್ತಿತ್ತು. ನನ್ನ ಹತ್ತಿರ ಬೇರೆ ಸುಳ್ಳು ಇರಲಿಲ್ಲ. ಬಣ್ಣ ಹಚ್ಚಿದ ಹಾಳೆಗಳನ್ನು ಅವರ ಕೈಗೆ ಕೊಟ್ಟು, "ಒಳಗೆ ಅಮ್ಮೋರಿಗೆ ಒಂದು ಸಲ ತೋರಿಸಿ. ಪ್ರತಿ ಬಣ್ಣ ತಿಂಗಳಿಗೆ ಮೂರು ದಿನ ಅಂತ ಹೇಳಿ, ಸಾಕು" ಎಂದೆ. ಗೊಣಗಿಕೊಂಡು ಒಳಗೆ ಹೆಂಡತಿಯ ಹತ್ತಿರ ಹೋದರು. ಒಂದು ಕಾಫಿ ಕುಡಿಯುವಷ್ಟು ಹೊತ್ತಾಯಿತು. ಒಳಗೆ ಹೆಂಗಸಿನ ದನಿ ಏರಿದ್ದು ಕೇಳಿಸಿತು, ಯಜಮಾನರ ದನಿ ಒಂದೇ ಒಂದು ಸಲವೂ ಕೇಳಿಸಲಿಲ್ಲ. ಹೊರಗೆ ಬಂದಾಗ ಅವರ ಕಿವಿ ಕೆಂಪಗಾಗಿತ್ತು.

"ಪ್ರೋಗ್ರಾಂ ತಪ್ಪು" ಎಂದರು, ನನ್ನನ್ನು ನೋಡದೆ.

"ಹೌದು."

"ಮೂವತ್ತು ವರ್ಸ ಹುಳ ಸಾಕಿ ನಂಗಾದ್ರೂ ಹೊಳೀಬಾರ್ದಾ" ಎಂದು ತಮಗೇ ಹೇಳಿಕೊಂಡರು. ಆಮೇಲೆ ಹೆಗಲ ಮೇಲಿನ ಟವೆಲು ಕೊಡವಿ ಮತ್ತೆ ಯಜಮಾನರಾದರು. "ಸರಿ ಮಾಡು. ಯಾರ ಬದ್ಲು ಯಾರು ಹೋದ್ರು ಅಂತ ಬರಿಯೋ ಹಂಗೆ ಮಾಡು. ಕಾರಣಾನೂ ಬರೀಲಿ."

"ಕಾರಣ ಬೇಡ."

"ಯಾಕಯ್ಯಾ? ಕಾರ್ಖಾನೇಲಿ ರಜಾ ಚೀಟಿಗೂ ಕಾರಣ ಕೇಳ್ತಾರೆ."

"ಕೇಳಿದ್ರೆ ಸುಳ್ಳು ಬರೀತಾರೆ. ತಲೆನೋವು, ನೆಂಟರ ಮದುವೆ. ನಿಮಗೆ ಬೇಕಾದ್ದು ಯಾರು, ಎಲ್ಲಿ, ಯಾವಾಗ. ಮೂರೇ ಮೂರು ಅಂತ ನೀವೇ ಹೇಳಿದ್ರಿ. ಯಾಕೆ ಅನ್ನೋದು ಅದರಲ್ಲಿ ಇರಲಿಲ್ಲ."

ಯಜಮಾನರ ಎದುರು ನಾನು ಆಡಿದ ಮೊದಲ ಗಟ್ಟಿ ಮಾತು ಅದು. ಅವರು ಒಂದು ಗಳಿಗೆ ನನ್ನನ್ನೇ ದಿಟ್ಟಿಸಿ, "ಆಯ್ತು ಬುಡು" ಎಂದರು.

ಅಕ್ಕ ಬಂದಾಗ ಬಿಸಿಲೇರಿತ್ತು. ಫೋನನ್ನು ಸೆರಗಿನಲ್ಲಿ ಒರೆಸಿ ಮೇಜಿನ ಮೇಲೆ ಇಡಲು ಹೋದರು. "ಇಟ್ಕೊಳಕ್ಕಾ. ಮೇಷ್ಟ್ರು ಏನೋ ತಪ್ಪು ಬರ್ದಿದ್ದನಂತೆ. ನಾಳೆಯಿಂದ ಎಂದಿನಂಗೆ ಹೋಗು" ಎಂದು ಯಜಮಾನರು ಡ್ರೈವರಿಗೂ ಕೇಳಿಸುವ ಹಾಗೆ ಜೋರಾಗಿ ಹೇಳಿದರು.

"ನಾಳೆ ಏನು, ಇವತ್ತೂ ಹೋಗಿ ಬಂದೆ. ನಾಲ್ಕನೇ ಪೊರೆ ಬುಡೋ ಹುಳ, ಸೋಮವಾರ ಅಂತ ಕಾಯ್ತವಾ?" ಎಂದರು ಅಕ್ಕ. ಆಮೇಲೆ ನನ್ನನ್ನು ನೋಡಿದರು. ನನಗೆ ವಿಷಯ ಗೊತ್ತಾಗಿದೆಯೆಂದು ಅವರಿಗೂ ಗೊತ್ತಾಯಿತು.

ಆ ವಾರವೆಲ್ಲ ಕೂತು ತಿದ್ದಿದೆ. ಫೋನಿನಲ್ಲಿ ಒಂದು ಬಟನ್ ಹೆಚ್ಚಾಯಿತು, ಇಂಗ್ಲಿಷ್ ಅಕ್ಷರಗಳಲ್ಲೇ ಬರೆದ ಹೆಸರು ಮುಯ್ಯಿ. ತನ್ನ ಹೆಸರಿನಲ್ಲೇ ಒಳಗೆ ಬಂದು ಅದನ್ನು ಒತ್ತಿದರೆ ಯಾರ ಮುಯ್ಯಿ ಎಂದು ಕೇಳುತ್ತದೆ. ಹೆಸರು ಆರಿಸಿದರೆ ಅವರ ಪಟ್ಟಿ ತೆರೆಯುತ್ತದೆ. ಮಾಡಿದವರ ಹೆಸರು ಒಂದು ಕಡೆ, ಯಾರಿಗಾಗಿ ಎಂಬುದು ಇನ್ನೊಂದು ಕಡೆ. ಸರ್ವರ್ ತಕರಾರಿಲ್ಲದೆ ಬರೆದುಕೊಳ್ಳುತ್ತದೆ. ಯಾಕೆ ಎಂದು ಕೇಳುವ ಸಾಲನ್ನು ನಾನು ಬರೆಯಲೇ ಇಲ್ಲ. ಗುಪ್ತ ಸಂಖ್ಯೆಯ ಗುಟ್ಟನ್ನೂ ಐದು ಜನರಿಗೆ ಹೇಳಿ ತೆಗೆದುಹಾಕಿದೆ. "ಅಯ್ಯೋ, ನಮ್ ಹಿಂದೆ ಬಿದ್ದಿದ್ರಾ ಮೇಷ್ಟ್ರೇ?" ಎಂದು ಚನ್ನಪಟ್ಟಣದಾಕೆ ಕಿಸಕ್ಕೆಂದಾಗ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಪಾಸ್‌ವರ್ಡ್ ಮಾತ್ರ ಕಬ್ಬಾಳಮ್ಮನೇ. ಅದರ ಸುದ್ದಿಗೆ ಹೋಗಲಿಲ್ಲ.

ಯಜಮಾನರಿಗೆ ಹೇಳಿದ್ದು ಸುಳ್ಳೆಂದು ಆಗ ಅಂದುಕೊಂಡಿದ್ದೆ. ಆಮೇಲೆ ಯೋಚಿಸಿದರೆ ಅದು ಸುಳ್ಳಾಗಿರಲಿಲ್ಲ. ಐದು ಜನ ಹೇಗೆ ಕೆಲಸ ಮಾಡುತ್ತಾರೆಂದು ಒಮ್ಮೆಯೂ ಕೇಳದೆ ಬರೆದ ಪ್ರೋಗ್ರಾಂ, ತಪ್ಪೇ.

ಬೇಸಿಗೆಯಲ್ಲಿ ಮಗಳು ಹುಟ್ಟಿದಳು. ಸಂತೋಷಕ್ಕೆ ಸಕ್ಕರೆ ಹಂಚಲು ಕೇಂದ್ರಕ್ಕೆ ಓಡಿದರೆ ಯಜಮಾನರು ಗೇಟಿನಲ್ಲೇ ಕೈ ಅಡ್ಡ ಹಿಡಿದರು. "ಪುರುಡು ಕಣಯ್ಯಾ. ಹನ್ನೊಂದು ದಿನ ಕಳ್ಕಂಡು ಬಾ. ಒಳಗೆ ಚಾಕಿ ಹುಳ ಐತೆ." ನಾನು ಇವನ್ನೆಲ್ಲ ನಂಬುವವನಲ್ಲ ಎಂದೆ. "ನೀನು ನಂಬ್ಬೇಡ. ಬೆಳೆ ಹೋದ್ರೆ ನಿನ್ ತಲೆಗೇ ಬತ್ತದೆ" ಎಂದರು. ನನ್ನ ಹೆಂಡತಿ ಅವರೆಕಾಯಿ ಸುಲಿಯುತ್ತ ಹೇಳಿದ್ದ ಅದೇ ಮಾತು. ಸಕ್ಕರೆಯ ಪೊಟ್ಟಣವನ್ನು ಗೇಟಿನ ಕಂಬದ ಮೇಲಿಟ್ಟು ಹಿಂದಿರುಗಿದೆ. ನಾನೇ ಕಟ್ಟಿದ ಕೆಲಸದ ಬಾಗಿಲಲ್ಲಿ ಹೊರಗೆ ನಿಂತದ್ದು ಬೇಜಾರಾಗಿತ್ತು. ಮಗಳು ಹುಟ್ಟಿದ ಖುಷಿಯಲ್ಲೂ ಬೇಜಾರಾಗಿತ್ತು.

ಹನ್ನೆರಡನೇ ದಿನ ಹೋಗಿ ಕಂಪ್ಯೂಟರ್ ತೆರೆದೆ. ಚಾಕಿ ಕೋಣೆಯ ಶಾಖದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಹನ್ನೊಂದು ದಿನ ಖಾಲಿ ಇರಬೇಕಿತ್ತು. ಒಂದೂ ಖಾಲಿ ಇರಲಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು, ಹನ್ನೊಂದು ದಿನವೂ ಮುಯ್ಯಿ ಒತ್ತಿ ಯಾರೋ ಬರೆದಿದ್ದರು. ಮಾಡಿದವರ ಜಾಗದಲ್ಲಿ ಐದು ಹೆಸರು ಬದಲಾಗುತ್ತ ಬಂದಿತ್ತು, ಅಕ್ಕನದೇ ಹೆಚ್ಚು. ಕಣ್ಣು ಮಂಜಾಯಿತು. ಪಕ್ಕದಲ್ಲಿ ಡ್ರೈವರ್ ಇದ್ದ, ಹಾಗಾಗಿ ಕನ್ನಡಕ ಒರೆಸಿಕೊಂಡೆ.

ಸಂಜೆ ಅಕ್ಕ ಸಿಕ್ಕಾಗ, "ಮುಯ್ಯಿ ತೀರಿಸ್ಬೇಕಲ್ಲಕ್ಕಾ" ಎಂದೆ.

"ತೀರಿಸ್ಕಳ್ದೇ ಬುಡ್ತೀನಾ ನಾನು? ಬುಧವಾರ, ಗುರುವಾರ ನನ್ ತೋಟಗಳ್ನ ನೋಡ್ಕಂಡು ಬಾರಪ್ಪಾ. ನಂಗೆ ಆಗಲ್ಲ."

ಅವರು ಒಂದು ದಿನವೂ ರಜೆ ಹಾಕಿದವರಲ್ಲ. ಏನಕ್ಕಾ, ಹುಷಾರಿಲ್ಲವಾ, ಮನೆಯಲ್ಲಿ ಏನಾದರೂ ತೊಂದರೆಯಾ ಎಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

ಬುಧವಾರ ಬೆಳಿಗ್ಗೆ ದೊಡ್ಡಆಲಹಳ್ಳಿಯಲ್ಲಿ ಬಸ್ಸಿಳಿದು ಮೊದಲನೇ ತೋಟಕ್ಕೆ ನಡೆದೆ. ಹಿಪ್ಪುನೇರಳೆ ಸೊಂಟದವರೆಗೆ ಎದ್ದಿತ್ತು. ಸೊಪ್ಪು ಸಾಕಾ ಸಾಲದಾ ಎಂದು ನನಗೇನು ಗೊತ್ತು? ಬದುವಿನ ಮೇಲೆ ಕೂತಿದ್ದ ತೋಟದ ರೈತನನ್ನೇ ಕೇಳಿದೆ. "ಇವತ್ತು ಹುಳದಕ್ಕ ಬರ್ಲಿಲ್ವಾ?" ಎಂದ ಅವನು. "ಅವರ ಮುಯ್ಯಾಳು ನಾನು" ಎಂದೆ. ಅವನು ಬೇರೇನೂ ವಿಚಾರಿಸದೆ ಎದ್ದು ಬಂದು ತೋಟ ತೋರಿಸಿದ. ಫೋನು ತೆಗೆದು ನನ್ನ ಹೆಸರಿನಲ್ಲಿ ಒಳಗೆ ಹೋಗಿ ಮುಯ್ಯಿ ಒತ್ತಿದೆ. ಯಾರ ಮುಯ್ಯಿ ಎಂದು ಅದು ಕೇಳಿತು. ಅಕ್ಕನ ಹೆಸರು ಆರಿಸಿದೆ. ಅವರ ತೋಟಗಳ ಪಟ್ಟಿ ತೆರೆಯಿತು. ಅದರ ಮುಂದಿನ ಪ್ರಶ್ನೆಗಾಗಿ ನನ್ನ ಕಣ್ಣು ತಾನಾಗಿ ಪರದೆಯ ಕೆಳಗೆ ಹುಡುಕಿತು. ಅಲ್ಲಿ ಏನೂ ಇರಲಿಲ್ಲ. ಇಡಬಾರದೆಂದು ಯಜಮಾನರ ಹತ್ತಿರ ಜಗಳವಾಡಿದವನು ನಾನೇ.